ಗೋಧೂಳಿ ಲಗ್ನಕ್ಕೆ ಹೊರಟ ಕಾರು

ಹೋದ ವರ್ಷ ಮಾಘ ಮಾಸದಲ್ಲಿ ನಡೆದದ್ದು. ಕಾಫಿ ಕೊಯ್ಲು ಮುಗಿದು, ಗಿಡ ಹೂ ಬಿಡಲೆಂದು ತೋಟದವರೆಲ್ಲ ನೀರು ಹಾಯಿಸುವ ಗಡಿಬಿಡಿಯಲ್ಲಿದ್ದ ಕಾಲ. ನಾನು ಮಡಿಕೇರಿಯಲ್ಲಿ ಪೌರೋಹಿತ್ಯ ಮಾಡಿಕೊಂಡಿರುವವನು. ಆ ದಿನ ತಿತಿಮತಿಯಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೆ. ಸಂಜೆಯ ಗೋಧೂಳಿ ಲಗ್ನ.

ಹುಡುಗಿಯ ತಂದೆ ರಾಜೇಗೌಡರು ತಿತಿಮತಿಯಲ್ಲಿ ದಿನಸಿ ಅಂಗಡಿ ಇಟ್ಟವರು. ಅವರ ಹಿರಿಯರು ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದವರು. ಹುಡುಗ ಸೈನ್ಯದಲ್ಲಿದ್ದಾನೆ. ಈ ಮದುವೆ ಹಿಂದೆ ಒಮ್ಮೆ ನಿಶ್ಚಯವಾಗಿ, ಕಾರ್ಡು ಹಂಚಿ ಆದ ಮೇಲೆ ಹುಡುಗನ ರಜೆ ರದ್ದಾಗಿ ನಿಂತುಹೋಗಿತ್ತು. ಈ ಸಲ ಸಿಕ್ಕಿದ್ದೂ ಚಿಕ್ಕ ರಜೆಯೇ. ಎರಡೂ ಜಾತಕಕ್ಕೆ ಹೊಂದಿ, ಆ ರಜೆಯೊಳಗೆ ಬೀಳುತ್ತಿದ್ದದ್ದು ಇದೊಂದೇ ಲಗ್ನ. ಅದನ್ನು ಹುಡುಕಿ ಕೊಟ್ಟವನೂ ನಾನೇ. ಹಾಗಾಗಿ ರಾಜೇಗೌಡರು ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು, "ಭಟ್ರೇ, ಈ ಸಲ ತಪ್ಪಬಾರ್ದು."

ಈಗ ನನ್ನ ಕಾರಿನ ವಿಷಯ. ದಸರೆಗೆ ಎಲೆಕ್ಟ್ರಿಕ್ ಕಾರು ತೆಗೆದುಕೊಂಡಿದ್ದೆ. ಸ್ಕೂಟರಿನಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಕಾರು ಬಂದ ಮೇಲೆ ಸ್ವಲ್ಪ ಜಂಬ ಬಂದಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವಾಗ ಬ್ಯಾಟರಿ ಖಾಲಿಯಾಗುವುದು ಬಿಟ್ಟು ಅಲ್ಲಲ್ಲಿ ತುಂಬುತ್ತಲೇ ಹೋಗುತ್ತಿತ್ತು. ಸಿಕ್ಕಿದವರಿಗೆಲ್ಲ ಇದನ್ನು ತೋರಿಸುವುದೇ ನನಗೊಂದು ಸಂಭ್ರಮ. ಪಕ್ಕದಲ್ಲಿ ಕೂತವರು ರಸ್ತೆ ನೋಡುತ್ತಿದ್ದರೆ ನಾನು ಅವರಿಗೆ ಬ್ಯಾಟರಿಯ ಅಂಕಿ ನೋಡಲು ಹೇಳುತ್ತಿದ್ದೆ.

ಮದುವೆಯ ಹಿಂದಿನ ರಾತ್ರಿ ನಮ್ಮ ಬೀದಿಯಲ್ಲಿ ಕರೆಂಟು ಹೋಗಿತ್ತು. ಮನೆಯ ಪ್ಲಗ್ಗಿನಲ್ಲಿ ಕಾರು ತುಂಬಲು ಇಡೀ ರಾತ್ರಿ ಬೇಕು. ಬೆಳಗ್ಗೆ ನೋಡಿದರೆ ಕಾಲು ಭಾಗವೂ ಇರಲಿಲ್ಲ. ಬಸ್ಸಿಗೆ ಹೋಗಿ ಎಂದು ಹೆಂಡತಿ ಹೇಳಿದಳು. ನಾನು ನಕ್ಕು, ಮಡಿಕೇರಿಯಿಂದ ಎಲ್ಲಿಗೆ ಹೊರಟರೂ ಇಳಿಜಾರೇ ಅಲ್ಲವೇ, ಕಾರು ದಾರಿಯಲ್ಲಿ ತಾನೇ ತುಂಬಿಕೊಳ್ಳುತ್ತದೆ ಎಂದೆ. ಬೆಟ್ಟದ ತುದಿಯಲ್ಲಿ ಮನೆ ಇರುವ ನಮ್ಮಂಥವರಿಗೆ ಮಾತ್ರ ಬರುವ ಬುದ್ಧಿ ಇದು. ಇಳಿದ ರಸ್ತೆ ಮತ್ತೆ ಏರುತ್ತದೆ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಬೆಳಗ್ಗೆ ಊರೊಳಗೆ ಒಂದು ಪೂಜೆ ಮುಗಿಸಿ, ಮಧ್ಯಾಹ್ನ ಊಟ ಮಾಡಿ ಹೊರಟೆ. ಚೆಟ್ಟಳ್ಳಿ ದಾರಿಯಲ್ಲಿ ಒಂದು ಕಡೆ ಮೋರಿ ಕೆಲಸ ನಡೆಯುತ್ತಿತ್ತು. ವಾಹನಗಳನ್ನು ತೋಟದ ಒಳರಸ್ತೆಗೆ ತಿರುಗಿಸುತ್ತಿದ್ದರು. ಆ ರಸ್ತೆ ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಚೆಟ್ಟಳ್ಳಿ ದಾಟುವಾಗಲೇ ನನ್ನ ಕಣ್ಣು ರಸ್ತೆಗಿಂತ ಅಂಕಿಯ ಮೇಲೇ ಹೆಚ್ಚಿತ್ತು. ಎ.ಸಿ. ನಿಲ್ಲಿಸಿದೆ. ನೆಲ್ಯಹುದಿಕೇರಿ ಹತ್ತಿರ ಬರುವಷ್ಟರಲ್ಲಿ ಕಾರಿನ ವೇಗ ತಾನಾಗಿಯೇ ಇಳಿಯಿತು. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ಮುಗಿಯುತ್ತಿದೆ ಎಂಬ ಆಮೆಯ ಚಿತ್ರ ಬಂತು. ಪಕ್ಕದಲ್ಲಿ ಸೈಕಲ್ಲಿನವನೊಬ್ಬ ನನ್ನನ್ನು ಹಿಂದೆ ಹಾಕಿ ಹೋದ, ತಿರುಗಿ ನೋಡುತ್ತ.

ರಸ್ತೆ ಬದಿಯ ಅಂಗಡಿಯಲ್ಲಿ ವಿಚಾರಿಸಿದೆ. ಮುಂದೆ ದೇಚಮ್ಮನವರ ಹೋಂಸ್ಟೇಯಲ್ಲಿ ಚಾರ್ಜಿಂಗ್ ಉಂಟು, ಎಡಕ್ಕೆ ಹೋಗಿ ಎಂದರು. ದೇವರೇ ಬಾಯಿ ಬಿಟ್ಟು ಹೇಳಿದ ಹಾಗಾಯಿತು.

ತೋಟದ ಗೇಟು ದಾಟಿ ಒಳಗೆ ಹೋದರೆ ಎಲ್ಲ ಕಡೆ ನೀರಿನ ಸದ್ದು. ಸ್ಪ್ರಿಂಕ್ಲರುಗಳು ಕಾಫಿ ಗಿಡದ ಮೇಲೆ ಮಳೆ ಸುರಿಸುತ್ತಿದ್ದವು. ಅಂಗಳದಲ್ಲಿ ಜೀಪಿನ ಟ್ರೈಲರಿಗೆ ಆಳುಗಳು ಪೈಪು ತುಂಬುತ್ತಿದ್ದರು. ಗಂಬೂಟು ಹಾಕಿ, ತಲೆಗೆ ಟೊಪ್ಪಿ ಇಟ್ಟು ಅವರ ನಡುವೆ ನಿಂತಿದ್ದ ಹೆಂಗಸೇ ದೇಚಮ್ಮ. ಐವತ್ತು ದಾಟಿದ ಕೊಡವತಿ. ನನ್ನ ಪಂಚೆ, ಶಲ್ಯ, ಹಣೆಯ ಗಂಧ ನೋಡಿದವರೇ ಕಾರಿನ ಕಡೆ ನೋಡಿದರು. ಏನಾಗಿದೆ ಎಂದು ನಾನು ಹೇಳಬೇಕಾಗಲಿಲ್ಲ.

ಮನೆಯ ಪಕ್ಕದ ಶೆಡ್ಡಿನಲ್ಲಿ ಗೋಡೆಗೆ ಚಾರ್ಜರಿನ ಪೆಟ್ಟಿಗೆ ಕೂರಿಸಿದ್ದರು. ಅವರೇ ವಯರು ತಂದು ಸಿಕ್ಕಿಸಿದರು. ಅರ್ಧ ಗಂಟೆ ಸಾಕಲ್ಲವೇ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಇದು ಅವಸರದವರಿಗೆ ಅಲ್ಲ ಭಟ್ರೇ. ಬಂದು, ಊಟ ಮಾಡಿ, ಮಲಗಿ ಹೋಗೋರಿಗೆ ಇಟ್ಟಿರೋದು. ಅದರ ಮೇಲೆ ಈಗ ಪಂಪ್ ಓಡ್ತಾ ಉಂಟು, ವೋಲ್ಟೇಜೇ ಇಲ್ಲ."

ಎಲ್ಲವನ್ನೂ ಹೇಳಿಕೊಂಡೆ. ಲಗ್ನ, ಹುಡುಗನ ರಜೆ, ಒಮ್ಮೆ ನಿಂತುಹೋದ ಮದುವೆ. ರಾಜೇಗೌಡರಿಗೆ ಫೋನು ಮಾಡಿದರೆ ಅವರ ಕಡೆಯ ವಾಹನಗಳೆಲ್ಲ ಗಂಡಿನವರನ್ನು ಕರೆತರಲು ಹೋಗಿದ್ದವು. ಅಲ್ಲಿಂದ ಬೇರೆ ವಾಹನ ಹುಡುಕಿ ಇಲ್ಲಿಗೆ ಬಂದು ನನ್ನನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಲಗ್ನ ಮೀರುತ್ತಿತ್ತು. ಫೋನಿನಲ್ಲಿ ಆ ಮನುಷ್ಯ ಬೈಯಲಿಲ್ಲ, "ಈ ಸಲವೂನಾ ಭಟ್ರೇ" ಎಂದಷ್ಟೇ ಕೇಳಿದರು. ಅದರಿಂದ ನನಗೆ ಬೈದದ್ದಕ್ಕಿಂತ ಹೆಚ್ಚು ನೋವಾಯಿತು.

ದೇಚಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಜೀಪು ಓಡಿಸಲು ಬರುತ್ತದೆಯೇ ಎಂದು ಕೇಳಿದರು. ನನಗೆ ಬರುವುದು ಗೇರಿಲ್ಲದ ಕಾರು ಮಾತ್ರ ಎಂದೆ. ಪೈಪು ತುಂಬುತ್ತಿದ್ದ ಆಳೊಬ್ಬ ಮುಖ ತಿರುಗಿಸಿ ನಕ್ಕ. ಜೀಪಿನ ಡ್ರೈವರ್ ಆ ದಿನ ರಜೆಯಂತೆ. ದೇಚಮ್ಮ ಒಮ್ಮೆ ತೋಟದ ಕಡೆ ನೋಡಿ, ಕೈಯಲ್ಲಿದ್ದ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡರು. ಟ್ರೈಲರ್ ಬಿಚ್ಚಲು ಆಳುಗಳಿಗೆ ಹೇಳಿದರು.

"ನನ್ನ ಯಜಮಾನರೂ ಸೈನ್ಯದಲ್ಲಿದ್ದವರು," ಎಂದರು. "ನಮ್ಮ ಮದುವೆನೂ ರಜೆ ಒಳಗೇ ಆದದ್ದು. ರಜೆ ಅಂದ್ರೆ ಎಂತ ಅಂತ ನನಗೆ ಗೊತ್ತು. ಹತ್ತಿ."

ಅಷ್ಟರಲ್ಲಿ ತೋಟದ ರೈಟರ್ ಹಂಸ ಓಡಿಬಂದರು. ಆಳುಗಳ ಕೆಲಸ ನೋಡಿಕೊಳ್ಳುವ ಹಿರಿಯ ಮಲಯಾಳಿ. ಅವರಿಗೆ ಇದು ಸರಿಬರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

"ಅಮ್ಮ, ಸ್ಪ್ರಿಂಕ್ಲರ್ ಸೆಟ್ಟು ನಾಳೆ ಬೆಳಗ್ಗೆ ಪಕ್ಕದ ತೋಟಕ್ಕೆ ಹೋಗ್ತದಲ್ಲ. ಮೇಲಿನ ತುಂಡಿಗೆ ನೀರು?"

"ನೋಡೋಣ ಹಂಸ. ಕೆಳಗಿಂದು ಮುಗಿಸಿ," ಎಂದು ಅವರು ಜೀಪು ಸ್ಟಾರ್ಟ್ ಮಾಡಿದರು. ನನ್ನ ತಲೆಯಲ್ಲಿ ಲಗ್ನ ಬಿಟ್ಟು ಬೇರೇನೂ ಇರಲಿಲ್ಲ. ಆ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ.

ದೇಚಮ್ಮ ಜೀಪು ಓಡಿಸಿದ ರೀತಿಯನ್ನು ನಾನು ಸಾಯುವವರೆಗೂ ಮರೆಯಲಾರೆ. ಜೋರಾಗಿ ಓಡಿಸಲಿಲ್ಲ, ಆದರೆ ಒಂದು ಕಡೆಯೂ ಸುಮ್ಮನೆ ಬ್ರೇಕ್ ಒತ್ತಲಿಲ್ಲ. ಸಾಮಗ್ರಿಯ ಚೀಲವನ್ನು ಅಪ್ಪಿಕೊಂಡು ನಾನು ಪಕ್ಕದಲ್ಲಿ ಕೂತಿದ್ದೆ. ನನ್ನ ಗಾಬರಿ ಕಂಡು ಅವರೇ ಮಾತು ತೆಗೆದರು. ಕಾರು ಇಲ್ಲೇ ಇರಲಿ, ಸಂಜೆ ಪಂಪ್ ನಿಂತ ಮೇಲೆ ಚೆನ್ನಾಗಿ ತುಂಬುತ್ತದೆ, ನಾಳೆ ಬನ್ನಿ ಎಂದರು. ಮದುವೆಮನೆಗೆ ತಲುಪಿದರೆ ಸಾಕು ಎಂದುಕೊಂಡಿದ್ದ ನಾನು ಕಾರನ್ನು ಆಗಲೇ ಮರೆತಿದ್ದೆ.

ಇಷ್ಟು ಖರ್ಚು ಮಾಡಿದವರು ಬೇಗ ತುಂಬುವ ದೊಡ್ಡ ಯಂತ್ರವನ್ನೇ ಹಾಕಬಹುದಿತ್ತಲ್ಲ ಎಂದು ಕೇಳಿದೆ. ಎಲ್ಲರೂ ಹಾಗೇ ಹೇಳಿದ್ದರಂತೆ. ಅದಕ್ಕೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕು, ಅದು ಹೆದ್ದಾರಿಯಲ್ಲಿ ಟೀ ಕುಡಿದು ಹೊರಡುವವರಿಗೆ ಸರಿ ಎಂದರು. ಮನೆಯ ಪ್ಲಗ್ಗಾದರೆ ತೀರ ನಿಧಾನ. ಹೋಂಸ್ಟೇಗೆ ಬರುವವರ ಕಾರುಗಳು ಎಷ್ಟು ಹೊತ್ತು ನಿಂತಿರುತ್ತವೆ ಎಂದು ಅವರು ಒಂದು ಸೀಸನ್ ಪೂರ್ತಿ ಸುಮ್ಮನೆ ನೋಡಿದ್ದರಂತೆ. ಸಂಜೆ ಬಂದ ಕಾರು ಮರುದಿನ ತಿಂಡಿ ಆಗುವವರೆಗೆ ಅಲ್ಲಾಡುವುದಿಲ್ಲ. ಹಾಗಿದ್ದರೆ ಈ ನಡುವಿನದೇ ಸಾಕು ಎಂದು ತೀರ್ಮಾನಿಸಿದರು.

"ಕಾರು ಎಷ್ಟು ಹೊತ್ತು ನಿಲ್ತದೆ ಅಂತ ನೋಡಿ ಮೆಷಿನ್ ಇಡ್ಬೇಕು ಭಟ್ರೇ," ಎಂದರು. "ಮೆಷಿನ್ ಉಂಟು ಅಂತ ಯಾರೂ ಸುಮ್ನೆ ನಿಲ್ಲೋದಿಲ್ಲ."

ನಾನು ಮದುವೆ ಮಾಡಿಸುವ ಕಲ್ಯಾಣಮಂಟಪದ ನೆನಪಾಯಿತು. ಅಲ್ಲಿ ಚಾರ್ಜರ್ ಹಾಕಿಸುವ ಬಗ್ಗೆ ಸಮಿತಿಯಲ್ಲಿ ಚರ್ಚೆ ನಡೆಯುತ್ತಲೇ ಇತ್ತು. ಹೇಳಿದ ಕೂಡಲೇ ಅವರು ಅದು ಸರಿಯಾದ ಜಾಗ ಎಂದರು. ಧಾರೆಗೆ ಬಂದವರು ಊಟ ಮುಗಿಸದೆ ಹೋಗುವುದಿಲ್ಲವಲ್ಲ. ಆದರೆ ಅಡುಗೆಮನೆಯ ಗ್ರೈಂಡರು, ಸಭಾಂಗಣದ ದೀಪ, ಕಾರು ಎಲ್ಲ ಒಟ್ಟಿಗೆ ಎಳೆದರೆ ಏನಾಗುತ್ತದೆ ಎಂದು ಮೊದಲೇ ನೋಡಿಸಿ ಎಂದು ಎಚ್ಚರಿಸಿದರು. ಕಾಫಿ ಮೂಟೆ ತಂದು ಅರ್ಧ ದಿನ ಕಾಯುವ ಕ್ಯೂರಿಂಗ್ ವರ್ಕ್ಸ್ ಕಾರ್ಖಾನೆಯ ಅಂಗಳ, ಟೋಕನ್ ಹಿಡಿದು ಕೂರುವ ಆಸ್ಪತ್ರೆ, ಹೀಗೆ ಜನ ಕಾಯುವ ಜಾಗಗಳನ್ನೆಲ್ಲ ಅವರು ಯೋಚಿಸಿಟ್ಟಿದ್ದರು. ಕೆಸರು ಮೆತ್ತಿದ ಆ ಕೈಗಳು ಸ್ಟೀರಿಂಗ್ ತಿರುಗಿಸುತ್ತಿದ್ದರೆ ನಾನು ನನ್ನ ಭಯ ಮರೆತು ಕೇಳುತ್ತಿದ್ದೆ. ಎಷ್ಟು ಚೆನ್ನಾಗಿ ಯೋಚಿಸುತ್ತಾರಲ್ಲ ಈಕೆ ಎನಿಸಿತು.

ತಿತಿಮತಿ ತಲುಪಿದಾಗ ಬಿಸಿಲು ಮರದ ತುದಿಗೆ ಏರಿತ್ತು. ಚಪ್ಪರದ ಬಾಗಿಲಲ್ಲೇ ರಾಜೇಗೌಡರು ನಿಂತಿದ್ದರು. ಗಂಬೂಟಿನ ಹೆಂಗಸು ಓಡಿಸಿಕೊಂಡು ಬಂದ ಜೀಪಿನಿಂದ ಪುರೋಹಿತರು ಇಳಿದದ್ದು ನೋಡಿ ವಾದ್ಯದವರು ಬಾರಿಸುವುದನ್ನೇ ನಿಲ್ಲಿಸಿದರು. ನಾನು ಕೈಕಾಲು ತೊಳೆದು ನೇರ ಮಂಟಪಕ್ಕೆ ಹೋದೆ. ಅಂತರಪಟ ಸರಿದಾಗ ಲಗ್ನ ಇನ್ನೂ ಮೀರಿರಲಿಲ್ಲ. ಹುಡುಗ ಮಾಂಗಲ್ಯ ಕಟ್ಟಿದ.

ದೇಚಮ್ಮ ಕೊನೆಯ ಸಾಲಿನ ಹಿಂದೆ ನಿಂತಿದ್ದರು. ಬೂಟು ಬಿಚ್ಚಿ ಬರಿಗಾಲಲ್ಲಿ. ರಾಜೇಗೌಡರ ಹೆಂಡತಿ ಹೋಗಿ ಅವರ ಕೈ ಹಿಡಿದು ಮುಂದೆ ಕರೆತಂದರು. ಗಂಡುಹೆಣ್ಣಿನ ತಲೆಯ ಮೇಲೆ ಅಕ್ಷತೆ ಹಾಕಿದ ಅವರು, ಕೊಡಗಿನಲ್ಲೇ ಬೆಳೆದ ಆ ಹುಡುಗನಿಗೆ ಕೊಡವ ಭಾಷೆಯಲ್ಲಿ ಏನೋ ಹೇಳಿದರು. ಅವನು ಅಟೆನ್ಶನ್ನಿನಲ್ಲಿ ನಿಂತ ಹಾಗೆ ನೆಟ್ಟಗಾಗಿ ನಕ್ಕ. ಎಷ್ಟು ಹೇಳಿದರೂ ದೇಚಮ್ಮ ಊಟಕ್ಕೆ ಕೂರಲಿಲ್ಲ. ಆನೆ ದಾಟುವ ಹೊತ್ತು ಎಂದರು. ಹೋಳಿಗೆಯ ಪೊಟ್ಟಣ ತೆಗೆದುಕೊಂಡು ಹೊರಟೇ ಬಿಟ್ಟರು.

ಮರುದಿನ ಗೌಡರ ಕಡೆಯವರು ನನ್ನನ್ನು ನೆಲ್ಯಹುದಿಕೇರಿಗೆ ಬಿಟ್ಟರು. ಕಾರು ತುಂಬಿತ್ತು. ಧೂಳು ಹಿಡಿದಿದ್ದ ಗಾಜನ್ನೂ ಯಾರೋ ಒರೆಸಿದ್ದರು. ದೇಚಮ್ಮ ನನ್ನನ್ನು ಕೂರಿಸಿ, "ನಮ್ಮ ಮನೆ ಕಾಫಿ ಕುಡಿಬಹುದಲ್ವಾ ಭಟ್ರೇ, ಇಲ್ಲ ಮಡಿಯಾ?" ಎಂದು ಕಾಡಿಸಿದರು. ಎರಡು ಲೋಟ ಕುಡಿದೆ. ಏನು ಕೊಡಲಿ ಅಕ್ಕ ಎಂದು ಕೇಳಿದ್ದಕ್ಕೆ, ಹೂವಾದಾಗ ಮನೆಯವರನ್ನು ಕರೆದುಕೊಂಡು ಬನ್ನಿ ಎಂದರು.

ಒಂದು ವಾರ ಕಳೆದು ಅವರದೇ ಫೋನು ಬಂತು. ಹೆಂಡತಿಯನ್ನು ಕರೆದುಕೊಂಡು, ಕಾರನ್ನು ತುಂಬಿಸಿಕೊಂಡು ಹೋದೆ. ತುಂಬಿದ್ದನ್ನು ಅವಳೇ ಎರಡು ಸಲ ನೋಡಿ ಖಚಿತಪಡಿಸಿಕೊಂಡಳು. ಗೇಟಿನ ಹತ್ತಿರವೇ ಘಮ ಮೂಗಿಗೆ ಬಡಿಯಿತು. ಇಡೀ ತೋಟ ಬೆಳ್ಳಗಾಗಿತ್ತು. ಗಿಡದ ರೆಂಬೆ ರೆಂಬೆಗೂ ಮಲ್ಲಿಗೆ ದಂಡೆ ಸುತ್ತಿದ ಹಾಗೆ. ಜೇನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೆಂಡತಿ ಫೋನು ಹಿಡಿದುಕೊಂಡು ಗಿಡಗಳ ನಡುವೆ ಓಡಾಡತೊಡಗಿದಳು.

ನಾನು ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ಇಳಿಜಾರಿನ ಮೇಲ್ಭಾಗದಲ್ಲಿ, ಅಷ್ಟು ಬಿಳಿಯ ನಡುವೆ, ಒಂದು ತುಂಡು ಮಾತ್ರ ಹಸಿರಾಗಿಯೇ ಇತ್ತು. ಒಂದು ಹೂವೂ ಇರಲಿಲ್ಲ. ರೈಟರ್ ಹಂಸ ಅಂದು ಕೇಳಿದ ಮಾತು ಆಗ ನನ್ನ ಮನಸ್ಸಿಗೆ ಇಳಿಯಿತು. ಅಕ್ಕಪಕ್ಕದ ತೋಟದವರು ಸರದಿಯಲ್ಲಿ ಬಳಸುವ ಸ್ಪ್ರಿಂಕ್ಲರ್ ಸೆಟ್ಟು. ಅಂದು ಸಂಜೆ ದೇಚಮ್ಮನವರ ಸರದಿ ಮುಗಿಯುತ್ತಿತ್ತು. ಪೈಪು ಮೇಲೆ ಸಾಗಿಸಬೇಕಿದ್ದ ಜೀಪು ತಿತಿಮತಿಯ ಚಪ್ಪರದ ಮುಂದೆ ನಿಂತಿತ್ತು. ಹೊತ್ತಿಗೆ ನೀರು ಸಿಗದ ಮೊಗ್ಗು ಒಣಗಿದರೆ ಆ ತುಂಡಿನಲ್ಲಿ ವರ್ಷದ ಫಸಲೇ ಇಲ್ಲ.

ಅಕ್ಕ, ಅದು... ಎಂದು ಕೈ ತೋರಿಸಿದೆ. ಅವರು ಆ ಕಡೆ ನೋಡಲೂ ಇಲ್ಲ.

"ಮಳೆ ಬಂದಾಗ ಹೂವಾಗ್ತದೆ ಬಿಡಿ. ಹುಡುಗ ಡ್ಯೂಟಿಗೆ ಸೇರಿದ್ನಾ?"

ಸೇರಿದ ಎಂದೆ. ಅವರು ಸಮಾಧಾನದಿಂದ ತಲೆಯಾಡಿಸಿದರು. ಆ ವರ್ಷ ಮಳೆ ತಡವಾಗಿಯೇ ಬಂತು. ಆ ತುಂಡಿನ ಬಗ್ಗೆ ಮತ್ತೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ನಮ್ಮ ಕಲ್ಯಾಣಮಂಟಪದಲ್ಲಿ ಎರಡು ಚಾರ್ಜರುಗಳಿವೆ, ಅವರು ಹೇಳಿದಂಥವೇ. ಅವಸರದಲ್ಲಿ ಬಂದವರು ಯಾರಾದರೂ ಅವುಗಳ ಮುಂದೆ ತಲೆಯ ಮೇಲೆ ಕೈಹೊತ್ತು ನಿಂತಿದ್ದರೆ, ನನ್ನ ಊಟ ಆಮೇಲಾಗಲಿ ಎಂದು ನಾನೇ ಅವರನ್ನು ನನ್ನ ಕಾರಿನಲ್ಲಿ ಬಿಟ್ಟುಬರುತ್ತೇನೆ. ದೇಚಮ್ಮನವರಿಗೆ ಸಾಟಿಯಾಗುತ್ತೇನೆ ಎಂಬ ಭ್ರಮೆ ನನಗಿಲ್ಲ. ಅಂದು ಹೆಂಡತಿ ಬಿಳಿ ಹೂವಿನ ಫೋಟೊಗಳನ್ನು ತೆಗೆದು ನೆಂಟರಿಗೆಲ್ಲ ಕಳಿಸಿದಳು. ನಾನು ತೆಗೆದದ್ದು ಒಂದೇ, ಆ ಹಸಿರು ತುಂಡಿನದು. ಅದು ಇನ್ನೂ ನನ್ನ ಫೋನಿನಲ್ಲಿದೆ.