ನಾಲ್ಕನೇ ಇಯತ್ತೆಯ ಅಕ್ಕೋರು

ದಿಲ್ಲಿಗೆ ಚಳಿ ಬಂತೆಂದು ನನಗೆ ಹೇಳುವುದು ನುಸಿಗುಳಿಗೆ. ಮೊನ್ನೆ ಭಾನುವಾರ ಮಂಚದ ಕೆಳಗಿನ ಟ್ರಂಕನ್ನು ಎಳೆದು ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಹೊಡೆಯುವುದಕ್ಕೂ ಅವ್ವನ ಕಂದು ಸ್ವೆಟರು ಕೈಗೆ ಸಿಗುವುದಕ್ಕೂ ಸರಿಹೋಯಿತು. ಅವ್ವ ಈ ಮೇ ತಿಂಗಳಲ್ಲಿ ತೀರಿಕೊಂಡಳು. ಕಳೆದ ಚಳಿಗಾಲದ ಕೊನೆಯಲ್ಲಿ ತಾನೇ ಮಡಿಸಿಟ್ಟಿದ್ದಳು. ತೋಳೆರಡೂ ಎದೆಯ ಮೇಲೆ ಕಟ್ಟಿಕೊಂಡ ಹಾಗೆ ಆ ಸ್ವೆಟರು ಮಲಗಿತ್ತು, ಉತ್ತರ ಬರದ ಹುಡುಗನ ಮುಂದೆ ಅವಳು ನಿಲ್ಲುತ್ತಿದ್ದ ಭಂಗಿಯಲ್ಲೇ.

ಸರೋಜಿನಿ ನಗರದಲ್ಲಿ ಕೊಂಡ ಸ್ವೆಟರದು. ಆ ಮಾರ್ಕೆಟ್ಟು ಹುಟ್ಟಿದಾಗಿನಿಂದ ಹೇಳಿದ ಬೆಲೆಗೆ ಮರುಮಾತಾಡದೆ ದುಡ್ಡು ಕೊಟ್ಟವಳು ಬಹುಶಃ ಅವ್ವ ಒಬ್ಬಳೇ. ಅಂಗಡಿಯವನಿಗೇ ಗಾಬರಿಯಾಯಿತು. "ಮಾತಾಜೀ, ಕುಛ್ ತೋ ಕಮ್ ಕರಾವೋ" ಎಂದು, ಸ್ವಲ್ಪವಾದರೂ ಚೌಕಾಸಿ ಮಾಡುವಂತೆ ಅವನೇ ಬೇಡಿಕೊಂಡ. ಅವ್ವ ನನ್ನ ಕಡೆ ತಿರುಗಿ, "ಅವ ಖರೇ ಹೇಳ್ಯಾನೋ ಸುಳ್ಳು ಹೇಳ್ಯಾನೋ, ಅದು ಅವನ ಪರೀಕ್ಷಾ. ನಾ ಯಾಕ ನಡುವ ಬಾಯಿ ಹಾಕಲಿ?" ಅಂದಳು. ಪರೀಕ್ಷೆ ಅವನದು, ಪರ್ಸು ಮಾತ್ರ ನನ್ನದು. ಇಂಥ ತಾಯಿಯನ್ನು ಕಟ್ಟಿಕೊಂಡು ಗುಮಾಸ್ತನ ಸಂಬಳದಲ್ಲಿ ದಿಲ್ಲಿಯಲ್ಲಿ ಬದುಕಿದ ನನಗೆ ಸರ್ಕಾರ ಪದಕ ಕೊಡಬೇಕಿತ್ತು. ಕೊಟ್ಟದ್ದು ಕಿದ್ವಾಯಿ ನಗರದಲ್ಲಿ ಎರಡು ಕೋಣೆಯ ಕ್ವಾರ್ಟರ್ಸು.

ಅವ್ವ ಗದಗ ಕಡೆಯ ಒಂದು ಸಣ್ಣ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಅಕ್ಕೋರು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಹಾಗೆ ಕರೆಯುತ್ತಾರೆ. ಸೇರಿದ ದಿನದಿಂದ ನಿವೃತ್ತಿಯವರೆಗೂ ಸೀಮೆಸುಣ್ಣ, ಪ್ರಾರ್ಥನೆ, ಇವೆರಡೇ ಅವಳ ವ್ಯವಹಾರ. ನಸುಕಿನಲ್ಲಿ ಮೊಣಕಾಲೂರಿ ದೇವರ ಜೊತೆ ಮಾತಿಗೆ ಕೂತಳೆಂದರೆ ಬೇಡುವ ದನಿ ಇರುತ್ತಿರಲಿಲ್ಲ, ಇನ್‌ಸ್ಪೆಕ್ಟರಿಗೆ ವರದಿ ಒಪ್ಪಿಸುವ ದನಿ ಇರುತ್ತಿತ್ತು. "ಕರ್ತನೇ, ಈ ಹುಡುಗಗ ಬುದ್ಧಿ ಕೊಡು. ಕೊಡಾಕ ತಡಾ ಆಗೂದಿದ್ರ ಅಲ್ಲೀತನ ನಾ ಕಲಸ್ತಿರ್ತೀನಿ." ಕಣ್ಣು ಮುಚ್ಚಿಕೊಂಡೇ ನಾನು ಆಕಳಿಸಿದ್ದು ಅವಳಿಗೆ ತಿಳಿಯುತ್ತಿತ್ತು. "ಆಮೆನ್. ಬಾಯಿ ಮುಚ್ಚು."

ಶಾಲೆಯಲ್ಲಿ ನಾನು ಅವಳನ್ನು ಅವ್ವ ಅನ್ನುವಂತಿರಲಿಲ್ಲ. ಅಲ್ಲಿ ಅಕ್ಕೋರು. ಮನೆಯಲ್ಲಿ ಹಸಿವಿನ ಭರಕ್ಕೆ ನಾಲಿಗೆ ತಪ್ಪಿ "ಅಕ್ಕೋರ, ರೊಟ್ಟಿ" ಅಂದರೆ, "ಕೈ ಎತ್ತಿ ಕೇಳು" ಅನ್ನುವಳು. ಇದನ್ನು ವಾತ್ಸಲ್ಯ ಅನ್ನುತ್ತಾರಂತೆ. ನೀವೇ ನಂಬಿಕೊಳ್ಳಿ.

ಈ ವಾತ್ಸಲ್ಯದ ಪರಾಕಾಷ್ಠೆ ನಾಲ್ಕನೇ ಇಯತ್ತೆಯಲ್ಲಿ ಕಂಡಿತು. ಇಡೀ ಕ್ಲಾಸನ್ನು ಪಾಸು ಮಾಡಿದ ಅವ್ವ ನನ್ನೊಬ್ಬನನ್ನು ನಪಾಸು ಮಾಡಿದಳು. ಕುರಿ ಕಾಯಲು ಹೋಗಿ ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ ಬಸ್ಯಾ ಕೂಡ ಐದನೆಯದಕ್ಕೆ ಹೋದ. ಅವನಿಗೆ ಓದಲು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ. ಹೆಡ್‌ಮಾಸ್ತರರು ಮನೆಗೇ ಬಂದರು. "ಅಕ್ಕೋರ, ನಿಮ್ಮ ಹುಡುಗನ್ನ ಒಂದೀಟು ಮುಂದ ದೂಡಿಬಿಡ್ರಿ."

"ಬಂಡಿ ದೂಡ್ತಾರ್ರಿ ಸರ. ಹುಡುಗರನ್ನ ಕಲಸ್ತಾರ."

ಅಪ್ಪ ಹೊಸ್ತಿಲಲ್ಲಿ ಕೂತ, ಅಳುವುದೊಂದು ಬಾಕಿ. "ಊರ ಮಂದಿ ಮಗನ್ನ ಪಾಸ್ ಮಾಡ್ರಿ ಅಂತ ಅಕ್ಕೋರ ಕಾಲು ಬೀಳ್ತಾರ. ನಾ ಯಾರ ಕಾಲು ಬೀಳಲಿ?"

ಹೀಗೆ ಶುರುವಾದ ನನ್ನ ವಿದ್ಯಾಭ್ಯಾಸ ಎಲ್ಲ ಕಡೆಯೂ ತಡವಾಗಿಯೇ ತಲುಪಿತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂತಾಗ ನನಗೆ ಮೇಲ್ವಿಚಾರಕರಿಗಿಂತ ಒಳ್ಳೆಯ ಮೀಸೆ ಇತ್ತು. ಡಿಗ್ರಿ ಅಂಚೆಯಲ್ಲಿ ಬಂತು. ಆಮೇಲೆ ದಿಲ್ಲಿಯ ನೌಕರಿ, ಮದುವೆ, ಮಗಳು ರೂತ್. ಅಪ್ಪ ಹೋದ ಮೇಲೆ ಅವ್ವನೂ ಇಲ್ಲಿಗೇ ಬಂದಳು, ಅವಳ ಹಿಂದೆ ಶಾಲೆಯೂ ಬಂತು.

ದಿಲ್ಲಿಯಲ್ಲಿ ನಮ್ಮದೊಂದು ಕನ್ನಡ ಪ್ರಾರ್ಥನಾ ಕೂಟವಿದೆ. ಭಕ್ತಿ ಧಾರಾಳ, ಕನ್ನಡ ಮಾತ್ರ ಊಟದ ಹೊತ್ತಿಗೆ. ಕ್ರಿಸ್‌ಮಸ್ ದಿನ ಮಕ್ಕಳಲ್ಲಿ ಒಬ್ಬರು ನಿಂತು ಕನ್ನಡದಲ್ಲಿ ಬೈಬಲಿನ ವೇದಪಾಠ ಓದುವುದು ಅಲ್ಲಿಯ ಪದ್ಧತಿ. ಓದುವುದು ಅಂದರೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದನ್ನು ಮೊಬೈಲಿನಲ್ಲಿ ನೋಡಿ ಒಪ್ಪಿಸುವುದು. ಯಾರಿಗೂ ಅರ್ಥವಾಗದಿದ್ದರೂ ಎಲ್ಲರ ಕಣ್ಣೂ ತುಂಬುತ್ತಿತ್ತು, ವಿಡಿಯೊ ಊರಿಗೆ ಹೋಗುತ್ತಿತ್ತು. ಇಂಥ ಸುಖದ ಸಂಸಾರದಲ್ಲಿ ಕಾರ್ಯದರ್ಶಿ ಸ್ಯಾಮ್ಸನ್ ಅಂಕಲ್ ಒಂದು ಎಡವಟ್ಟು ಮಾಡಿದರು. ನಿವೃತ್ತ ಟೀಚರಲ್ಲವೇ ಎಂದು ಮಕ್ಕಳ ಕ್ಲಾಸನ್ನೂ ವೇದಪಾಠದ ಆಯ್ಕೆಯನ್ನೂ ಅವ್ವನ ಕೈಗೆ ಕೊಟ್ಟರು.

ಹೋದ ವರ್ಷ ರೂತಳ ಸರದಿ. ನನ್ನ ಹೆಂಡತಿ ಬಿಳಿ ಫ್ರಾಕು ಹೊಲಿಸಿಯಾಗಿತ್ತು, ನಾನು ಆಫೀಸಿನಲ್ಲಿ ಹೇಳಿಯಾಗಿತ್ತು. ಅವ್ವ ಮೊಮ್ಮಗಳ ಕೈಯಿಂದ ಮೊಬೈಲು ಇಸಿದುಕೊಂಡು ಪುಸ್ತಕ ಕೊಟ್ಟಳು. ರೂತ್ ಎರಡು ಪದ ಓದಿ ಮೂರನೆಯದರಲ್ಲಿ ಸಿಕ್ಕಿಬಿದ್ದಳು.

"ಈ ವರ್ಷ ಬ್ಯಾಡ. ಮುಂದಿನ ವರ್ಷ ನೋಡೂಣು."

"ಬಟ್ ಅಜ್ಜಿ, ಮುಝೆ ಪೂರಾ ಯಾದ್ ಹೈ!"

"ಬಾಯಿಪಾಠ ಗಿಳಿಗೂ ಬರ್ತೈತಿ. ದೇವರ ಮಾತು ಓದ್ತೀನಿ ಅಂದಿ ಅಂದ್ರ ಓದಬೇಕವ್ವ."

ರೂತ್ ಅಳುತ್ತಾ ಒಳಗೆ ಹೋದಳು. ಅಷ್ಟು ವರ್ಷ ನುಂಗಿಕೊಂಡಿದ್ದು ಅವತ್ತು ನನ್ನ ಬಾಯಿಂದ ಬಂತು. "ಹೊಟ್ಟಿಲೆ ಹುಟ್ಟಿದ ಮಗನ್ನ ನಪಾಸ್ ಮಾಡಿ ಸಮಾಧಾನ ಆಗಲಿಲ್ಲೇನು ನಿನಗ? ಇಡೀ ಕ್ಲಾಸು ಮುಂದ ಹೋತು. ನಾ ಒಬ್ಬನ ಕುಂತೆ!"

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ನೀ ಒಬ್ಬನ ಕುಂತೇನು? ನಾ ಎಲ್ಲಿ ಹೋಗಿದ್ನೆಪಾ?"

ಆ ಮಾತು ನನಗೆ ಇಳಿಯಲು ಹೊತ್ತು ಹಿಡಿಯಿತು. ನನಗೆ ಎಲ್ಲವೂ ಹೊತ್ತು ಹಿಡಿದೇ ಇಳಿಯುತ್ತದೆ. ನಮ್ಮ ಶಾಲೆಯಲ್ಲಿ ಒಂದನೆಯದರಲ್ಲಿ ಹಿಡಿದ ಮಕ್ಕಳ ಜೊತೆಗೇ ಅಕ್ಕೋರು ವರ್ಷ ವರ್ಷ ಮೇಲೆ ಹೋಗುತ್ತಿದ್ದರು, ಏಳನೆಯದು ಮುಗಿಸಿ ಕಳಿಸುವವರೆಗೆ. ಕೊನೆಯ ದಿನ ಆ ಮಕ್ಕಳು ಅಕ್ಕೋರಿಗೆ ಮಾಲೆ ಹಾಕಿ ಫೋಟೊ ತೆಗೆಸುತ್ತಿದ್ದರು. ಬಸ್ಯಾನ ತಂಡ ಐದಕ್ಕೆ ಹೋದಾಗ ಅವ್ವನೂ ಹೋಗಬೇಕಿತ್ತು. ಹೋಗಲಿಲ್ಲ. ಅಕ್ಷರ ತೀಡಿಸಿದ ಅಷ್ಟೂ ಮಕ್ಕಳನ್ನು ಬೇರೆ ಮಾಸ್ತರರಿಗೆ ಒಪ್ಪಿಸಿ, ನನ್ನೊಬ್ಬನಿಗಾಗಿ ಮತ್ತೆ ನಾಲ್ಕರಲ್ಲೇ ಉಳಿದಳು. ಆ ತಂಡದ ಫೋಟೊದಲ್ಲಿ ಅವಳಿಲ್ಲ. ಮರುವರ್ಷವೂ ಕರಿಹಲಗೆಯ ಮುಂದೆ ಅದೇ ಮುಖ ಕಂಡಾಗ ನಾನು ಅಂದುಕೊಂಡದ್ದು, ನಪಾಸಾದರೂ ಈ ಹೆಂಗಸು ಬಿಡಲಿಲ್ಲವಲ್ಲ ಎಂದು. ಅವತ್ತು ನಾನು ಅವರೆಕಾಯಿಯ ಸಿಪ್ಪೆ ಎತ್ತಿಹಾಕಿದೆ. ನಮ್ಮ ಮನೆಯಲ್ಲಿ ಕ್ಷಮೆ ಕೇಳುವ ಕ್ರಮ ಅದೇ.

ರೂತ್ ಅಜ್ಜಿಯೊಡನೆ ಮಾತು ಬಿಟ್ಟಳು. ಆಮೇಲೆ ತಾನಾಗಿಯೇ ಪುಸ್ತಕ ಹಿಡಿದು ಬಂದಳು. ಒತ್ತಕ್ಷರಕ್ಕೆ ಬರುವ ಹೊತ್ತಿಗೆ ಮೇ ಬಂತು.

ಮೊನ್ನೆ ಟ್ರಂಕಿನ ಮುಂದೆ ಸ್ವೆಟರು ಹಿಡಿದು ಕೂತಿದ್ದಾಗಲೇ ಸ್ಯಾಮ್ಸನ್ ಅಂಕಲ್ ಫೋನು ಮಾಡಿದರು. "ಬ್ರದರ್, ಈ ಸಲ ವೇದಪಾಠ ನಮ್ಮ ರೂತೇ ಓದ್ಲಿ. ಅಮ್ಮನ ನೆನಪಿಗೆ. ಮೊಬೈಲ್ ಇಟ್ಕೊಳ್ಲಿ ಪರವಾಗಿಲ್ಲ, ಈಗ ಯಾರು ಕೇಳ್ತಾರೆ? ಪಕ್ಕದಲ್ಲಿ ಅಮ್ಮನ ಫೋಟೊ ಇಡೋಣ."

ಬಾಗಿಲಲ್ಲಿ ನಿಂತಿದ್ದ ರೂತಳಿಗೆ ಎಲ್ಲ ಕೇಳಿಸಿತ್ತು. ಅವಳ ಮುಖ ಅರಳಿದ್ದನ್ನು ನೋಡಿದೆ. ನನ್ನದೂ ಅರಳಿತ್ತು, ಸುಳ್ಳೇಕೆ ಹೇಳಲಿ? ಬಿಳಿ ಫ್ರಾಕು, ಫೋಟೊ, ಎಲ್ಲರ ಕಣ್ಣಲ್ಲಿ ನೀರು, ಊರಿಗೆ ವಿಡಿಯೊ. ಹೂಂ ಅಂದರೆ ಸಾಕಿತ್ತು.

"ಒಂದ ನಿಮಿಷ ಅಂಕಲ್" ಎಂದು ಫೋನು ಕೆಳಗಿಟ್ಟು ಪುಸ್ತಕ ಕೊಟ್ಟೆ. ರೂತ್ ಓದಿದಳು. ಹೋದ ವರ್ಷಕ್ಕಿಂತ ದೂರ ಹೋದಳು, ಒಂದು ಇಡೀ ವಾಕ್ಯ ದಾಟಿದಳು. ಎರಡನೆಯದರಲ್ಲಿ ನಿಂತಳು. ಮೊದಲು ಪುಸ್ತಕ ನೋಡಿದಳು, ಆಮೇಲೆ ನನ್ನನ್ನು.

ಫೋನೆತ್ತಿಕೊಂಡೆ. "ಈ ವರ್ಷ ಬ್ಯಾಡ್ರಿ ಅಂಕಲ್. ಆಕಿಗೆ ಇನ್ನೂ ಓದಾಕ ಬರಂಗಿಲ್ಲ."

ಅತ್ತ ಸ್ಯಾಮ್ಸನ್ ಅಂಕಲ್ ಏನೋ ಹೇಳುತ್ತಿದ್ದರು. ಇತ್ತ ರೂತ್ ಪುಸ್ತಕವನ್ನು ಎದೆಗೊತ್ತಿಕೊಂಡು, "ಪಪ್ಪಾ, ಯೂ ಆರ್ ವರ್ಸ್ ದ್ಯಾನ್ ಅಜ್ಜಿ!" ಎಂದು ಕೂಗಿ, ಕೋಣೆಯ ಬಾಗಿಲನ್ನು ಧಡಾರನೆ ಹಾಕಿಕೊಂಡಳು.

ನನ್ನ ಜೀವನದಲ್ಲಿ ಸರ್ಟಿಫಿಕೇಟುಗಳು ಕಡಿಮೆ, ಬಂದವೂ ತಡವಾಗಿ ಬಂದವು. ಇದಕ್ಕೆ ಕಟ್ಟು ಹಾಕಿಸಬಹುದು ಅನಿಸಿತು.

ಸ್ವಲ್ಪ ಹೊತ್ತಿಗೆ ಬಾಗಿಲ ಒಳಗಿನಿಂದ ಓದುವ ದನಿ ಕೇಳಿಸಿತು. ಸಿಟ್ಟಿನ ದನಿ, ಅದೇ ಎರಡನೆಯ ವಾಕ್ಯ, ತಪ್ಪು. ಬೇರೆ ಅಪ್ಪಂದಿರು ಕಣ್ಣೊರೆಸಿಕೊಂಡು ಸುಮ್ಮನಿರುತ್ತಿದ್ದರೇನೋ. ನಾನು ಬಾಗಿಲ ಹತ್ತಿರ ಹೋಗಿ, ಹೊರಗಿನಿಂದಲೇ ತಿದ್ದಿದೆ.

"ಪತಾ ಹೈ!" ಎಂದಿತು ಒಳಗಿನ ದನಿ, ಗೊತ್ತಂತೆ. ಆಮೇಲೆ ಮೊದಲಿನಿಂದ ಶುರುಮಾಡಿತು. ನಾನು ಅಲ್ಲೇ ನೆಲದ ಮೇಲೆ ಕೂತೆ.