ದೋಣಿ ಟ್ರೈಲರಿನ ನಟ್ಟು

ಗೆಳೆಯರೇ, ನಾಳೆ ಮೊದಲ ಸಲ ಶಾಲೆ ಮಕ್ಕಳನ್ನು ನನ್ನ ದೋಣಿಯಲ್ಲಿ ಕೆರೆ ಸುತ್ತಿಸಲು ಒಪ್ಪಿಕೊಂಡಿದ್ದೇನೆ. ಇವತ್ತು ನೋಡಿದರೆ ದೋಣಿ ಸಾಗಿಸುವ ಟ್ರೈಲರಿನ ಚಕ್ರ ಕಿರ್ರೆನ್ನುತ್ತಿದೆ! ಹೆದರಿ ಮಂಡಿ ಮೊಹಲ್ಲಾದ ಮೆಕ್ಯಾನಿಕ್ ರಫೀಕಣ್ಣನ ಬಳಿಗೆ ಓಡಿದೆ. ಬಿಚ್ಚಿದರೆ ಬೇರಿಂಗ್ ಸುಟ್ಟು ಕಪ್ಪಾಗಿದೆ, ಅದು ಕೂರುವ ಹಬ್ ಕೂಡ ಸವೆದಿದೆ.

"ಬೇರಿಂಗ್ ಹಿಡಿಯೋ ಈ ನಟ್ಟು ಈ ಪಾಟಿ ಬಿಗಿ ಮಾಡಿದ್ಯಾರು ಸ್ವಾಮಿ?"

"ನಾನೇ ಅಣ್ಣ. ಚಕ್ರ ಕಳಚ್ಕೊಂಡ್ಬುಟ್ರೆ ಅಂತ ಭಯ. ಹೊರಡೋವಾಗೆಲ್ಲಾ ಒಂದ್ಸುತ್ತು ತಿರುಗಿಸ್ತಿದ್ದೆ."

"ಭಯ ನಿಮ್ದು, ಸುಟ್ಟೋಗಿದ್ದು ಬೇರಿಂಗು! ಚೂರು ಸಡಿಲ ಬುಟ್ರೇನೇ ಚಕ್ರ ತಿರುಗೋದು ಕಣ್ರೀ."

ಬೇರಿಂಗ್, ಹಬ್ ಎರಡನ್ನೂ ಹೊಸದಾಗಿ ಹಾಕಿ, ಗ್ರೀಸು ತುಂಬಿ, ನಟ್ಟು ಬಿಗಿಸಿ, ಮತ್ತೆ ಚೂರು ಸಡಿಲಿಸಿದರು. ತಟ್ಟಿದರೆ ಚಕ್ರ ಸದ್ದಿಲ್ಲದೆ ಸುತ್ತಿತು. ನಾಳೆ ಧೈರ್ಯವಾಗಿ ಹೊರಡುತ್ತೇನೆ. ನನ್ನ ಸ್ಪ್ಯಾನರನ್ನು ಮಾತ್ರ ರಫೀಕಣ್ಣ ತಮ್ಮ ಬಳಿಯೇ ಇಟ್ಟುಕೊಂಡಿದ್ದಾರೆ.