ನೆರೆ ಬಂದ ವರ್ಷ

ಅಪ್ಪನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನ ಜೂನ್ ಒಂದು, 1926. ಅದು ಅಪ್ಪ ಹುಟ್ಟಿದ ದಿನವಲ್ಲ, ಶಾಲೆ ಶುರುವಾಗುವ ದಿನ. ಮಕ್ಕಳನ್ನು ಸೇರಿಸಿಕೊಳ್ಳುವಾಗ ಮೇಷ್ಟರು ಎಲ್ಲರಿಗೂ ಅದನ್ನೇ ಬರೆದುಬಿಡುತ್ತಿದ್ದರು. ನಮ್ಮೂರಿನ ಅರ್ಧ ಗಂಡಸರು ಒಂದೇ ದಿನ ಹುಟ್ಟಿದವರು.

2004ರಲ್ಲಿ ಅಪ್ಪ ಎರಡು ತಿಂಗಳ ವಿಸಿಟ್ ವೀಸಾದಲ್ಲಿ ದುಬೈಗೆ ಬಂದಾಗ ಈ ಜೂನ್ ಒಂದು ನನ್ನ ತಲೆ ತಿನ್ನತೊಡಗಿತು. ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಶಾಂತಿಯನ್ನು ಇಲ್ಲೇ, ನನ್ನ ಕೈಯಾರೆ ಮಾಡಿಸಬೇಕೆಂದು ಹಟ ಹಿಡಿದಿದ್ದೆ. ಅವರ ಅರವತ್ತರ ಶಾಂತಿಗೆ ನಾನು ಹೋಗಿರಲಿಲ್ಲ. ಆಗ ನನ್ನ ಪಾಸ್‌ಪೋರ್ಟ್ ದುಬೈ ಕಂಪನಿಯ ಕಪಾಟಿನಲ್ಲಿತ್ತು. ರಜೆ ಬೇಕಾದರೆ ಎರಡು ವರ್ಷ ತುಂಬಬೇಕಿತ್ತು. ಎಲ್ಲ ಚೆನ್ನಾಗಿ ನಡೆಯಿತು, ನೂರು ಜನ ಉಂಡರು ಎಂದು ಅಪ್ಪ ಬರೆದ ಕಾಗದ ಓದಿ ಕೆಲಸಗಾರರ ಕ್ಯಾಂಪಿನ ಬಚ್ಚಲಲ್ಲಿ ಅತ್ತಿದ್ದೆ.

ಫ್ಲ್ಯಾಟಿನಲ್ಲಿ ಹೋಮ ಮಾಡಿದರೆ ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆಂದು ಸತ್ವಾ ಬಡಾವಣೆಯಲ್ಲಿ ಗೆಳೆಯನ ವಿಲ್ಲಾದ ಅಂಗಳ ಕೇಳಿಕೊಂಡೆ. ಭಟ್ಟರೂ ಸಿಕ್ಕಿದರು. ಆದರೆ ಅವರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ, ಹುಟ್ಟಿದ ಸಂವತ್ಸರ ಹೇಳಿ ಎಂದು ಕೂತರು. ಪಾಸ್‌ಪೋರ್ಟಿನ ಪ್ರಕಾರ ಇನ್ನೂ ಮೂರು ವರ್ಷ ಕಾಯಬೇಕು. ವೀಸಾದಲ್ಲಿ ಉಳಿದದ್ದು ಹದಿನೆಂಟು ದಿನ. ಜಾತಕ ಎಂದೋ ಗೆದ್ದಲ ಪಾಲಾಗಿತ್ತು, ನಕ್ಷತ್ರವೊಂದು ನೆನಪಿತ್ತು. ಅಪ್ಪನನ್ನು ಕೇಳಿದರೆ, ನೆರೆಯ ಸುಮಾರಿಗೆ ಅಂತ ಹೇಳ್ತಿದ್ದರು ಎಂದು ಮತ್ತೆ ಪೇಪರಿನೊಳಗೆ ಮುಖ ಹುದುಗಿಸಿದರು. ನನಗೆ ಪಿತ್ತ ನೆತ್ತಿಗೇರಿತು.

ಫೋನ್ ಕಾರ್ಡಿನ ಗುಪ್ತ ನಂಬರು ಕೆರೆದು ಊರಿಗೆ ಫೋನ್ ಮಾಡಿದೆ. ಅಪ್ಪನ ಅಕ್ಕ, ನನ್ನ ದೊಡ್ಡತ್ತೆ, ಎಂಬತ್ತೆಂಟರಲ್ಲೂ ಯಾವುದನ್ನೂ ಮರೆಯದ ಹೆಂಗಸು. ಆ ವರ್ಷವನ್ನು ಅವರು ಬೆರಳು ಮಡಚಿಯೇ ಹೇಳಿರಬೇಕು. ನೇತ್ರಾವತಿ ಉಕ್ಕಿ ನಮ್ಮ ಮನೆಯ ಕೊಟ್ಟಿಗೆ ಹೋದದ್ದು, ಗುಡ್ಡದ ಮೇಲಿನ ನೆಂಟರ ಮನೆಯಲ್ಲಿ ಅಪ್ಪ ಹುಟ್ಟಿದ್ದು, ಹೆರಿಗೆಯ ಸೂತಕ ಕಳೆಯುವ ಮೊದಲೇ ಅಜ್ಜ ಜ್ವರದಲ್ಲಿ ತೀರಿಕೊಂಡದ್ದು, ದೊಡ್ಡತ್ತೆಯನ್ನು ಶಾಲೆ ಬಿಡಿಸಿದ್ದು, ಆ ನೆಂಟರ ಸೊಸೆ ಅವಳಿ ಹೆತ್ತದ್ದು. ಎಲ್ಲ ರುಧಿರೋದ್ಗಾರಿ ಸಂವತ್ಸರದಲ್ಲಿ. ಅಂದರೆ ಇಸವಿ ಇಪ್ಪತ್ತಮೂರು, ಎಂಬತ್ತು ದಾಟಿಯಾಯಿತು. ಅಬ್ಬ, ಬದುಕಿದೆ ಎಂದುಕೊಂಡೆ.

ಅರವತ್ತು ವರ್ಷಕ್ಕೆ ಅದೇ ಸಂವತ್ಸರ ಮರಳಿ ಬರುತ್ತದಲ್ಲ, ಖಾತ್ರಿಗೆಂದು ಕೇಳಿದೆ: ಅರವತ್ತರ ಶಾಂತಿ ಮಾಡಿದ್ದೂ ರುಧಿರೋದ್ಗಾರಿಯಲ್ಲೇ ತಾನೇ?

"ಎಂತ ಶಾಂತಿ? ಅದು ಆಗ್ಲೇ ಇಲ್ಲ ಮಾರಾಯಾ," ಎಂದರು ದೊಡ್ಡತ್ತೆ. "ಮಗ ಬಾರದೆ ಮಣೆ ಮೇಲೆ ಕೂರುದಿಲ್ಲ ಅಂತ ನಿನ್ನಪ್ಪ ಭಟ್ರನ್ನು ವಾಪಸ್ ಕಳ್ಸಿದ. ನಿಂಗೆ ಗೊತ್ತಾಗ್ಬಾರ್ದು ಅಂತ ನಮ್ಮ ಹತ್ರ ಎಲ್ಲ ಹೇಳಿದ್ದ."

ಇಪ್ಪತ್ತು ವರ್ಷ ನಾನು ನಡೆಯದ ಊಟವೊಂದನ್ನು ತಪ್ಪಿಸಿಕೊಂಡೆನೆಂದು ಕೊರಗಿದ್ದೆ. ಈಗ ಸಿಟ್ಟೂ ಬಂತು, ಅಳುವೂ ಬಂತು. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಸುಮ್ಮನೆ ಓಡಾಡಿದೆ. ಕೊನೆಗೆ ಅಪ್ಪನ ಮುಂದೆ ನಿಂತು, ವರ್ಷ ಇಪ್ಪತ್ತಮೂರೇ ಅಂತೆ, ಬುಧವಾರ ನಿಮ್ಮ ನಕ್ಷತ್ರ ಬರುತ್ತದೆ, ಅಂದೇ ಶಾಂತಿ ಎಂದೆ. ಆ ಹಳೆಯ ಕಾಗದದ ಮಾತೆತ್ತಲಿಲ್ಲ.

ಅಪ್ಪ ಪೇಪರು ಮಡಚಿಟ್ಟು ನನ್ನ ಮುಖ ನೋಡಿದರು.

"ಬುಧವಾರ ನಿಂಗೆ ರಜೆ ಸಿಕ್ತದಾ?"

ನಾನು ಇನ್ನೂ ಕೇಳಿರಲೇ ಇಲ್ಲ.